ನೆಲ, ಸೊಪ್ಪು, ಸೌದೆ: ಭೂಬಳಕೆ ಮತ್ತು ಬಯೋಮಾಸ್ ಬಗ್ಗೆ ಪಿಎಚ್‌ಡಿ ಮಾಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕರ್ನಾಟಕದಲ್ಲಿ ಈ ಸಂಶೋಧನೆ ಕೈಗೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಈ ವಿಷಯದಲ್ಲಿ ಪಿಎಚ್‌ಡಿ ಎಂದರೆ ನಿಜಕ್ಕೂ ಏನನ್ನು ಅಧ್ಯಯನ ಮಾಡುತ್ತಾರೆ?

ಒಂದು ಜಾಗದಲ್ಲಿ ವರ್ಷಕ್ಕೆ ಎಷ್ಟು ಬಯೋಮಾಸ್, ಅಂದರೆ ಸೌದೆ, ಸೊಪ್ಪು, ಹುಲ್ಲು, ಬೆಳೆಯ ಉಳಿಕೆ ಹುಟ್ಟುತ್ತದೆ, ಅದು ಯಾರ ಪಾಲಾಗುತ್ತದೆ, ಅಷ್ಟನ್ನು ತೆಗೆಯುತ್ತ ಹೋದರೆ ಮಣ್ಣು ಮತ್ತು ನೀರು ಎಷ್ಟು ಕಾಲ ತಾಳಿಕೊಳ್ಳುತ್ತವೆ ಎಂಬುದು ತಿರುಳು. ಇದಕ್ಕೆ ಯಾವ ಕಡೆಯಿಂದಲೂ ಬರಬಹುದು. ಅರಣ್ಯಶಾಸ್ತ್ರದವರು ಮರ ಅಳೆಯುತ್ತಾರೆ, ಮಣ್ಣುವಿಜ್ಞಾನದವರು ಇಂಗಾಲ ಅಳೆಯುತ್ತಾರೆ, ಎಂಜಿನಿಯರುಗಳು ಗ್ಯಾಸಿಫೈಯರ್ (ಸೌದೆಯಿಂದ ಉರಿಯುವ ಅನಿಲ ಮಾಡುವ ಯಂತ್ರ) ಹಿಡಿದು ಬರುತ್ತಾರೆ, ಅರ್ಥಶಾಸ್ತ್ರದವರು ಬೆಲೆ ಮತ್ತು ಕೂಲಿ ಲೆಕ್ಕ ಹಾಕುತ್ತಾರೆ. ನಾಲ್ಕನ್ನೂ ಒಂದೇ ಪ್ರಬಂಧದಲ್ಲಿ ತುರುಕಲು ಹೋಗಬೇಡಿ. ಒಂದರಲ್ಲಿ ಗಟ್ಟಿಯಾಗಿ ನಿಂತು ಉಳಿದವನ್ನು ಓದಿ ಅರ್ಥಮಾಡಿಕೊಳ್ಳುವಷ್ಟಾದರೆ ಸಾಕು.

ಎಲ್ಲಿ ಸೇರಬಹುದು?

ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು, ಅದರಲ್ಲೂ ಶಿರಸಿಯ ಅರಣ್ಯ ಮಹಾವಿದ್ಯಾಲಯ, ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಮತ್ತು ಸುಸ್ಥಿರ ತಂತ್ರಜ್ಞಾನ ಕೇಂದ್ರಗಳು, ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ. ಭೂಬಳಕೆಯ ಆರ್ಥಿಕ, ಸಾಮಾಜಿಕ ಮುಖದ ಮೇಲೆ ಕಣ್ಣಿದ್ದರೆ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ). ಹೆಬ್ಬಾಳದಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿಗೆ ಸೇರದಿದ್ದರೂ ಅವರ ಮಣ್ಣಿನ ನಕ್ಷೆಗಳಿಲ್ಲದೆ ನಿಮ್ಮ ಕೆಲಸ ಮುಂದೆ ಹೋಗುವುದು ಕಷ್ಟ.

ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು, ಅವರು ಕ್ಷೇತ್ರಕ್ಕೆ ಕಾಲಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು ವಿಚಾರಿಸಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಕಂಡು ಒಂದು ಕಾಫಿ ಕುಡಿದರೆ ವೆಬ್‌ಸೈಟಿನಲ್ಲಿ ಸಿಗದ್ದೆಲ್ಲ ಸಿಗುತ್ತದೆ.

"ಪಾಳುಭೂಮಿಯಲ್ಲಿ ಇಂಧನ ಬೆಳೆ" ಎಂಬ ವಿಷಯ ಆರಿಸಿಕೊಂಡಿದ್ದೇನೆ. ಸರಿಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಹುತೇಕ ಪ್ರಸ್ತಾವಗಳು ಎಡವುವುದೂ ಇಲ್ಲೇ.

2019ರ ಪಾಳುಭೂಮಿ ಅಟ್ಲಾಸಿನ ಪ್ರಕಾರ 2015-16ರಲ್ಲಿ ದೇಶದಲ್ಲಿ ಸುಮಾರು 5.58 ಕೋಟಿ ಹೆಕ್ಟೇರ್, ಅಂದರೆ ಸುಮಾರು ಶೇ. 17ರಷ್ಟು ನೆಲ ಪಾಳು. ಈ ಅಂಕಿಯನ್ನು ಮೊದಲ ಪುಟದಲ್ಲಿ ಹಾಕಿ, "ಇದರ ಹತ್ತನೇ ಒಂದು ಭಾಗದಲ್ಲಿ ಮರ ಬೆಳೆಸಿದರೂ..." ಎಂದು ಗುಣಿಸುತ್ತ ಹೋಗುವ ಪ್ರಸ್ತಾವಗಳನ್ನು ಸಾಕಷ್ಟು ಓದಿದ್ದೇನೆ. ಅಟ್ಲಾಸಿನ ತಪ್ಪಲ್ಲ ಅದು. ಉಪಗ್ರಹ ಮೇಲಿನಿಂದ ನೋಡಿ ಕುರುಚಲು ಎಂದು ಹೇಳುತ್ತದೆ. ಆ ಕುರುಚಲಿನಲ್ಲಿ ಯಾರ ಕುರಿ ಮೇಯುತ್ತಿವೆ ಎಂದು ಅದು ಹೇಳುವುದಿಲ್ಲ. ಊರಿನವರ ಬಾಯಲ್ಲಿ ಅದೇ ನೆಲಕ್ಕೆ ಗೋಮಾಳ, ಹುಲ್ಲುಬನ್ನಿ, ಬ್ಯಾಣ, ಬಾಣೆ, ಕುಮ್ಕಿ, ಕಾನು ಎಂದು ಹೆಸರಿದೆ, ಪ್ರತಿ ಹೆಸರಿನ ಹಿಂದೆ ಒಂದು ಹಕ್ಕೋ ರೂಢಿಯೋ ಇದೆ.

ಇದರ ಪಾಠ ನಮ್ಮಲ್ಲೇ ಆಗಿಹೋಗಿದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಕಾಗದ, ರೇಯಾನ್ ತಿರುಳಿಗೆ ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆಯ ಸರ್ಕಾರಿ ಜಮೀನನ್ನು ಅದಕ್ಕೆ ಗುರುತಿಸಲಾಯಿತು. ಕಾಗದದ ಮೇಲೆ ಅದು ಪಡಾ ಜಮೀನು. ಆದರೆ ಸುತ್ತಲಿನ ಹಳ್ಳಿಗಳ ಮೇವು, ಸೌದೆ ಅಲ್ಲಿಂದಲೇ ಬರುತ್ತಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಹಳ್ಳಿಗರು 1987ರ ನವೆಂಬರಿನಲ್ಲಿ ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿದರು: ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 1991ರಲ್ಲಿ ಕಂಪನಿ ಮುಚ್ಚಿತು.

ಹಾಗಾಗಿ ಪಾಳುಭೂಮಿ ಬೇಡವೇ ಬೇಡ ಎನ್ನುತ್ತಿಲ್ಲ. "ಇಲ್ಲಿ ಏನು ಬೆಳೆಯಬಹುದು" ಎಂಬುದಕ್ಕಿಂತ ಮೊದಲು "ಇಲ್ಲಿ ಈಗ ಯಾರು ಏನು ಒಯ್ಯುತ್ತಿದ್ದಾರೆ" ಎಂಬ ಅಧ್ಯಾಯ ಬರಲಿ. ಆ ಅಧ್ಯಾಯವಿಲ್ಲದ ಪ್ರಬಂಧದ ಮೇಲೆ ನನಗೆ ನಂಬಿಕೆ ಕಡಿಮೆ.

ಹಾಗಾದರೆ ಬೆಳೆ ತ್ಯಾಜ್ಯದ ಮೇಲೆ ಮಾಡಬಹುದಲ್ಲ? ಅದು ಹೇಗೂ ವ್ಯರ್ಥ.

ಯಾರಿಗೆ ವ್ಯರ್ಥ? ರಾಗಿ ಹುಲ್ಲಿನ ಬಣವೆ ನೋಡಿ ತ್ಯಾಜ್ಯ ಎಂದರೆ ತುಮಕೂರಿನ ರೈತ ನಕ್ಕಾನು. ಹಳೇ ಮೈಸೂರಿನಲ್ಲಿ ರಾಗಿ, ಭತ್ತದ ಹುಲ್ಲು ದನದ ಹೊಟ್ಟೆಗೆ. ಕಲಬುರಗಿಯಲ್ಲಿ ತೊಗರಿ ಕಟ್ಟಿಗೆ ಒಲೆಗೆ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ ಬಚ್ಚಲೊಲೆಗೆ ಇಲ್ಲವೇ ತೋಟದ ಬುಡಕ್ಕೆ. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಂತೂ (ಅರೆದ ಕಬ್ಬಿನ ಸುಮಾರು ಶೇ. 30 ತೂಕ) ಅಲ್ಲೇ ಬಾಯ್ಲರಿಗೆ ಹೋಗಿ ಕರೆಂಟಾಗುತ್ತದೆ. ನಿಜಕ್ಕೂ ಹೊಲದಲ್ಲೇ ಸುಡುವುದು ಕಬ್ಬಿನ ರವದಿ (ಒಣಗಿದ ಗರಿ), ಕೆಲವು ಕಡೆ ಹತ್ತಿಕಟ್ಟಿಗೆ, ಮೆಕ್ಕೆಜೋಳದ ದಂಟು. ಅಲ್ಲಿ ಕೆಲಸವಿದೆ.

ಉಷ್ಣವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಬಯೋಮಾಸ್ ಉಂಡೆಗಳನ್ನು ಉರಿಸಬೇಕೆಂಬ ಕೇಂದ್ರದ ನೀತಿ ಬಂದ ಮೇಲೆ (2023ರ ಪರಿಷ್ಕರಣೆಯ ಪ್ರಕಾರ 2024-25ರಿಂದ ಶೇ. 5, 2025-26ರಿಂದ ಶೇ. 7) ಈ ಉಳಿಕೆಗೆ ಬೆಲೆ ಬರತೊಡಗಿದೆ. ಬೆಲೆ ಬಂದೊಡನೆ ಮೊದಲು ಪುಕ್ಕಟೆ ಒಯ್ಯುತ್ತಿದ್ದವರ ಗತಿ ಏನಾಗುತ್ತದೆ? ಜಮೀನಿಲ್ಲದ ಮನೆಯವರು ಬೇರೆಯವರ ಹೊಲದಿಂದ ತೊಗರಿ ಕಟ್ಟಿಗೆ ಆಯ್ದು ತರುವುದುಂಟು. ಉಳಿಕೆಯನ್ನು ಒತ್ತಿ ಇಂಧನದ ಉಂಡೆ ಮಾಡುವ ಬ್ರಿಕೆಟ್ ಘಟಕ ಬಂದ ಊರಿನಲ್ಲಿ ಹೀಗೆ ಆಯ್ದು ತರುವುದು ಏನಾಗುತ್ತದೆ ಎಂಬುದೊಂದೇ ಒಂದು ಒಳ್ಳೆಯ ಪಿಎಚ್‌ಡಿಗೆ ಸಾಕು.

ಗ್ಯಾಸಿಫೈಯರ್‌ನಿಂದ ಹಳ್ಳಿಗೆ ವಿದ್ಯುತ್ ಕೊಡುವ ಬಗ್ಗೆ ಇನ್ನೂ ಸಂಶೋಧನೆ ಬೇಕೇ?

ಬೇಕು, ಆದರೆ ಹಿಂದಿನದನ್ನು ಓದಿಕೊಂಡು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ', ಅಂದರೆ ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವ ಕೇಂದ್ರ ಶುರುವಾಯಿತು. ಅದರ ಗುಂಪು 1988ರಲ್ಲಿ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಸೌದೆಯ ಗ್ಯಾಸಿಫೈಯರ್ ಕೂರಿಸಿತು. ವಿದ್ಯುತ್ ಕಾಣದ ಆ ಪುಟ್ಟ ಊರಿಗೆ ಮನೆದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಮುಂದೆ ಹೊಲಕ್ಕೆ ನೀರು, ಎಲ್ಲವೂ ಅದರಿಂದ ನಡೆದವು, ಅದೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ. ಸೌದೆಗೆಂದೇ ಊರ ಪಕ್ಕ ಇಂಧನವನ ಬೆಳೆಸಿದ್ದರು.

ಈಗ ನೀವೇ ಒಂದು ಲೆಕ್ಕ ಹಾಕಿ ನೋಡಿ. 20 ಕಿಲೋವಾಟಿನ ಯಂತ್ರ ದಿನಕ್ಕೆ ಆರು ತಾಸು ಪೂರ್ಣ ಹೊರೆಯಲ್ಲಿ ಓಡಿದರೆ 120 ಯೂನಿಟ್. ಯೂನಿಟ್ಟಿಗೆ 1.3 ಕಿಲೋ ಒಣ ಸೌದೆ ಎಂದು ಹಿಡಿದರೆ ದಿನಕ್ಕೆ 156 ಕಿಲೋ, ವರ್ಷಕ್ಕೆ ಸುಮಾರು 57 ಟನ್. ಮಳೆಯಾಶ್ರಿತ ನೆಲದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಬೆಳೆದೀತು ಎಂದರೆ ಸುಮಾರು 28 ಎಕರೆ ಬೇಕು. ಇಪ್ಪತ್ತೆಂಟು ಎಕರೆ, ಯಾರ ಮೇಕೆಯೂ ನುಗ್ಗದ್ದು, ಯಾವ ಊರಿನಲ್ಲಿ ಬಿದ್ದಿದೆ? ಯಂತ್ರದ ದಕ್ಷತೆ ಶೇ. 2 ಹೆಚ್ಚಿಸುವ ಪ್ರಬಂಧಗಳು ಬೇಕಾದಷ್ಟಿವೆ. ಈ ಪ್ರಶ್ನೆಗೆ ಉತ್ತರ ಹುಡುಕುವವು ಕಡಿಮೆ.

ನೀಲಗಿರಿ ನೀರು ಕುಡಿಯುತ್ತದೆ ಎಂಬುದು ಸಾಬೀತಾಗಿದೆಯಲ್ಲ, ಮತ್ತೇಕೆ ಅಧ್ಯಯನ?

ಸಾಬೀತಾದದ್ದು ನೀವು ಅಂದುಕೊಂಡಷ್ಟು ನೇರವಾಗಿಲ್ಲ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ ಹೊಸಕೋಟೆ ಮತ್ತು ಶಿವಮೊಗ್ಗ ಕಡೆಯ ತಾಣಗಳಲ್ಲಿ ಮಣ್ಣಿನ ತೇವವನ್ನು ಆಳದವರೆಗೆ ಅಳೆದರು. ಶಿವಮೊಗ್ಗ ಕಡೆ ಎಳೆಯ ನೀಲಗಿರಿ ತೋಪು ಪಕ್ಕದ ಎಲೆಯುದುರುವ ಕಾಡಿಗಿಂತ ಹೆಚ್ಚೇನೂ ನೀರು ಹೀರಲಿಲ್ಲ. ಆದರೆ ಹೊಸಕೋಟೆಯ ಆಳವಾದ ಕೆಂಪು ಮಣ್ಣಿನಲ್ಲಿ ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಖರ್ಚಾಯಿತು: ಬೇರು ಕೆಳಗಿಳಿದು ಹಳೆಯ ತೇವವನ್ನೂ ಎಳೆದುಕೊಂಡಿತ್ತು. ರಾಗಿ ಬೆಳೆ ಮರಗಳ ಅರ್ಧದಷ್ಟು ನೀರಿನಲ್ಲಿ ಮುಗಿಸಿತ್ತು.

ಅಂದರೆ ಮಣ್ಣಿನ ಆಳ, ಮಳೆ, ಆ ನೆಲದಲ್ಲಿ ಮೊದಲು ಏನಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೋಲಾರದಲ್ಲಿ ರಾಗಿ ಹೊಲ ನೀಲಗಿರಿ ತೋಪಾಯಿತು. ಪೆಟ್ಟು ಬಿದ್ದದ್ದು ಅಲ್ಲಿ. 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ಕೇಳಬೇಕಾದ್ದು ಬೇರೆ: ನೀಲಗಿರಿ ಕಿತ್ತ ಹೊಲದಲ್ಲಿ ತೇವ ಮತ್ತೆ ತುಂಬಿಕೊಳ್ಳಲು ಎಷ್ಟು ಮಳೆಗಾಲ ಬೇಕು? ಬುಡ ಕೀಳಿಸುವ ಜೆಸಿಬಿ ಖರ್ಚು ಯಾರ ತಲೆಗೆ? ಅದರ ಜಾಗಕ್ಕೆ ಬರುತ್ತಿರುವ ಹೆಬ್ಬೇವು ಅದೇ ಮಣ್ಣಿನಲ್ಲಿ ಎಷ್ಟು ಹೀರುತ್ತದೆ? ಹೆಬ್ಬೇವಿನ ಬಗ್ಗೆ ನರ್ಸರಿಯವರು ಹೇಳುವ ಇಳುವರಿಯನ್ನು ಪ್ರಬಂಧಕ್ಕೆ ಎತ್ತಿಕೊಳ್ಳಬೇಡಿ, ದಯವಿಟ್ಟು.

ಜತ್ರೋಪಾ? ಹೊಂಗೆ?

ಜತ್ರೋಪಾ ಕಥೆ ಮುಗಿದಿದೆ. 2003ರ ಸುಮಾರಿಗೆ ಯೋಜನಾ ಆಯೋಗವೇ ಬೆನ್ನು ತಟ್ಟಿದ ಗಿಡ, ನೀರು ಗೊಬ್ಬರವಿಲ್ಲದ ನೆಲದಲ್ಲಿ ಬದುಕಿತು, ಬೀಜ ಮಾತ್ರ ಕೊಡಲಿಲ್ಲ. ಹೊಂಗೆ ಹಾಗಲ್ಲ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಮೊದಲಿಂದಲೂ ಇದ್ದ ಮರ, ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿಗೂ ಬೆಲೆ, ಬೀಜದಲ್ಲಿ ಶೇ. 30ರ ಆಸುಪಾಸು ಎಣ್ಣೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಇದರ ಮೇಲೆ ಕೆಲಸ ನಡೆದಿದೆ. ಮರದಿಂದ ಮರಕ್ಕೆ ಇಳುವರಿ ವಿಪರೀತ ಏರುಪೇರು, ಬೀಜ ಆಯುವ ಕೂಲಿ ಹುಟ್ಟುವುದೂ ಕಷ್ಟ. ಈ ಎರಡು ಗಂಟುಗಳಲ್ಲಿ ಒಂದನ್ನು ಹಿಡಿಯಿರಿ.

ಸೊಪ್ಪಿನ ಬೆಟ್ಟದ ಬಗ್ಗೆ ಮಾಡಬೇಕೆಂದಿದ್ದೇನೆ. ತೀರಾ ಹಳೆಯ ವಿಷಯವಾಯಿತೇ?

ಇಲ್ಲ, ನನಗಂತೂ ಇದೇ ಅಚ್ಚುಮೆಚ್ಚು. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಬ್ರಿಟಿಷ್ ಕಾಲದ ಏರ್ಪಾಡು ಇಂದಿಗೂ ಜೀವಂತ. ನೆಲ ಸರ್ಕಾರದ್ದು, ಸೊಪ್ಪು ತೋಟದವನದ್ದು. ಮಳೆಗಾಲಕ್ಕೆ ಮುಂಚೆ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ), ಮೇಲೆ ಕರಡ (ಒಣಹುಲ್ಲು). ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಸೇರಿ ಗೊಬ್ಬರವಾಗಿ ತೋಟಕ್ಕೆ. ಕಾಡಿನ ಪೋಷಕಾಂಶ ತೋಟಕ್ಕೆ ಇಳಿಯುವ ದಾರಿ ಇದು.

ಒಂದೇ ಕಾನೂನು, ಒಂದೇ ಮಳೆ, ಆದರೂ ಒಬ್ಬರ ಬೆಟ್ಟ ಕಾಡಿನಂತೆ, ಬೇಲಿಯಾಚೆಯದು ಬೋಳು. ಯಾಕೆ? ಮನೆಯಲ್ಲಿ ದನ ಕಡಿಮೆಯಾದದ್ದು, ಸೊಪ್ಪು ಕಡಿಯುವ ಆಳು ಸಿಗದ್ದು, ಮಗ ಬೆಂಗಳೂರಿಗೆ ಹೋದದ್ದು, ಬೆಟ್ಟಕ್ಕೆ ಅಕೇಶಿಯಾ ನುಗ್ಗಿದ್ದು: ಇವೆಲ್ಲ ಸೇರಿ ಈಗ ಸೊಪ್ಪು ತೆಗೆಯುವ ಪ್ರಮಾಣವೇ ಬದಲಾಗುತ್ತಿದೆ. ಕೆಲವು ಬೆಟ್ಟಗಳಲ್ಲಿ ಒತ್ತಡ ಇಳಿದು ಮರ ಮೇಲೇಳುತ್ತಿವೆ. ಅದೇ ವೇಳೆ ಲಾರಿಯಲ್ಲಿ ಕುರಿಗೊಬ್ಬರ ತರಿಸುವ ತೋಟಗಳೂ ಹೆಚ್ಚಿವೆ. ಅಂದರೆ ಪಕ್ಕದ ಬೆಟ್ಟದ ಹೊರೆ ದೂರದ ಬಯಲುಸೀಮೆಯ ಹುಲ್ಲುಗಾವಲಿಗೆ ವರ್ಗವಾಗುತ್ತಿದೆಯೇ? ಈ ಪ್ರಶ್ನೆಯನ್ನು ಯಾರಾದರೂ ಕೈಗೆತ್ತಿಕೊಂಡರೆ ನನಗೆ ಖುಷಿ.

ಅಳತೆ ಎಲ್ಲಿಂದ ಶುರು ಮಾಡಲಿ?

ತೇವಾಂಶದಿಂದ. ಮೌಲ್ಯಮಾಪಕರು ಮೊದಲು ಕೈ ಹಾಕುವುದೂ ಅದಕ್ಕೇ. ಹಸಿ ಸೌದೆಯಲ್ಲಿ ಅರ್ಧ ನೀರು. 100 ಕಿಲೋ ಹಸಿ ಸೌದೆ ಶೇ. 15 ತೇವಕ್ಕೆ ಒಣಗಿದಾಗ 59 ಕಿಲೋ ಆಗಿರುತ್ತದೆ. "ಹೆಕ್ಟೇರಿಗೆ 20 ಟನ್" ಎಂದು ಯಾರಾದರೂ ಹೇಳಿದರೆ ಹಸಿಯೋ ಒಣವೋ ಎಂದು ಕೇಳಿ. ಶೇಕಡಾ ಲೆಕ್ಕವನ್ನು ಹಸಿತೂಕದ ಮೇಲೆ ಹಾಕಿದ್ದಾರೋ ಒಣತೂಕದ ಮೇಲೋ ಎಂದೂ ಕೇಳಿ. ಅರ್ಧ ನೀರಿರುವ ಸೌದೆ ಮೊದಲ ಲೆಕ್ಕದಲ್ಲಿ ಶೇ. 50, ಎರಡನೆಯದರಲ್ಲಿ ಶೇ. 100. ಮಾದರಿಯನ್ನು ಹೊಲದಲ್ಲೇ ತೂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಒಳಗಿಡಿ (ಪೆನ್ನಿನ ಶಾಯಿ ತೇವಕ್ಕೆ ಅಳಿಸುತ್ತದೆ), ಲ್ಯಾಬಿನ ಒಲೆಯಲ್ಲಿ 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ.

ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಹಿಡಿಯಿರಿ; ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು. ಮರ ಕಡಿಯದೆ ತೂಕ ತಿಳಿಯಲು ಸಮೀಕರಣಗಳಿವೆ, ಆದರೆ ಬೇರೆ ಪ್ರದೇಶದ ಸಮೀಕರಣ ತಂದು ನಮ್ಮ ಬಯಲುಸೀಮೆಯ ಗಿಡ್ಡ, ಕವಲೊಡೆದ, ಪದೇ ಪದೇ ಸವರಿದ ಮರಕ್ಕೆ ಹಾಕಿದರೆ ಅಂಕಿ ಹಾದಿ ತಪ್ಪುತ್ತದೆ. ತೋಪು ಹೇಗೂ ಕಡಿಯುವ ರೈತನನ್ನು ಹುಡುಕಿ, ಕಡಿಯುವ ದಿನ ತಕ್ಕಡಿ ಹಿಡಿದು ಅಲ್ಲಿರಿ.

ಮಣ್ಣಿನ ಇಂಗಾಲ ಬರಿಯ ಶೇಕಡಾದಲ್ಲಿ ಬರೆದು ಬಿಡಬೇಡಿ. ಶೇ. 0.6 ಇಂಗಾಲ, ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ, ಆಳ 30 ಸೆಂಟಿಮೀಟರ್ ಎಂದರೆ ಹೆಕ್ಟೇರಿಗೆ ಸುಮಾರು 25 ಟನ್. ಸಾಂದ್ರತೆ ಅಳೆಯದವರಿಗೆ ಈ ಲೆಕ್ಕ ಸಿಗದು.

ಮನೆಗಳಲ್ಲಿ ಎಷ್ಟು ಸೌದೆ ಖರ್ಚಾಗುತ್ತದೆಂದು ಹೇಗೆ ತಿಳಿಯುವುದು? ಕೇಳಿದರೆ ಸಾಲದೇ?

ಕೇಳಿದರೆ "ನಮ್ಮದು ಗ್ಯಾಸು" ಎನ್ನುತ್ತಾರೆ, ಸುಳ್ಳೂ ಅಲ್ಲ. ಅಡುಗೆಮನೆಯಲ್ಲಿ ಸಿಲಿಂಡರ್ ಇದೆ. ಹಿತ್ತಲಿಗೆ ಹೋಗಿ ನೋಡಿ: ಬಚ್ಚಲ ಹಂಡೆಯ ಕೆಳಗೆ ಕೊಳ್ಳಿ ಉರಿಯುತ್ತಿರುತ್ತದೆ, ದನದ ಮುಸುರೆ ಬೇಯುತ್ತಿರುತ್ತದೆ. ಸಂಜೆ ಹೋಗಿ ಒಂದು ಹೊರೆ ತೂಗಿ ಬೇರೆ ಇಟ್ಟು, "ಅಮ್ಮಾ, ನಾಳೆ ಇದರಲ್ಲೇ ಉರಿಸಿ" ಎಂದು ಕೇಳಿಕೊಳ್ಳಿ. ಮರುದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದನ್ನು ತೂಗಿ. ಉಂಡವರೆಷ್ಟು, ಮಿಂದವರೆಷ್ಟು ಬರೆದುಕೊಳ್ಳಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಮಾಡಿ. ಚಳಿಗಾಲದ ಸ್ನಾನವೊಂದೇ ನಿಮ್ಮ ಸರಾಸರಿಯನ್ನು ಎತ್ತಿಹಾಕುತ್ತದೆ. ಗಂಡಸರನ್ನು ಕೇಳಿ ಬರೆದುಕೊಂಡ ಸೌದೆ ಲೆಕ್ಕಕ್ಕೆ ನಾನು ಬೆಲೆ ಕೊಡುವುದಿಲ್ಲ, ಹೊರುವವರು ಅವರಲ್ಲ.

ಉಪಗ್ರಹ ಚಿತ್ರಗಳಿದ್ದಾಗ ಇಷ್ಟೆಲ್ಲ ಓಡಾಟ ಬೇಕೇ?

ಬೇಕು. 1972ರಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳು, 2015ರಿಂದೀಚಿನ ಸೆಂಟಿನೆಲ್-2ರ 10 ಮೀಟರ್ ಚಿತ್ರಗಳು ಈಗ ಪುಕ್ಕಟೆ ಸಿಗುತ್ತವೆ. 2025ರಲ್ಲಿ ಇನ್ನೆರಡು ಬಂದವು: ಏಪ್ರಿಲಿನಲ್ಲಿ ಯುರೋಪಿನ 'ಬಯೋಮಾಸ್', ಜುಲೈ 30ರಂದು ಇಸ್ರೊ ಮತ್ತು ನಾಸಾದ 'ನಿಸಾರ್'. ಇವು ರೇಡಾರ್ ಉಪಗ್ರಹಗಳು, ಮಲೆನಾಡಿನ ಮುಂಗಾರು ಮೋಡವೂ ಇವಕ್ಕೆ ಅಡ್ಡಿಯಲ್ಲ. ಆದರೂ ರೇಡಾರ್ ಸಂಕೇತವನ್ನು ಟನ್ನಿಗೆ ತಿರುಗಿಸಲು ನೆಲದ ಮೇಲೆ ಅಳೆದ ತುಣುಕುಗಳು ಬೇಕೇ ಬೇಕು. ಅಡಿಕೆ ತೋಟವನ್ನು ಕಾಡು ಎಂದು, ಕಾಫಿ ತೋಟವನ್ನು ದಟ್ಟ ಕಾಡು ಎಂದು ಬಣ್ಣ ಹಚ್ಚಿದ ನಕ್ಷೆಗಳನ್ನು ನಾವೆಲ್ಲ ನೋಡಿದ್ದೇವೆ.

ಅಂದಹಾಗೆ, ರಾಜ್ಯದ ಸುಜಲ ಜಲಾನಯನ ಯೋಜನೆಯಲ್ಲಿ ತಯಾರಾದ ಭೂಸಂಪನ್ಮೂಲ ಮಾಹಿತಿ ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಯಾವ ಬೆಳೆಗೆ ಯೋಗ್ಯ ಎಂಬುದನ್ನು ಕೊಡುತ್ತದೆ. ನಿಮ್ಮ ಜಲಾನಯನ ಅದರಲ್ಲಿ ಬಂದಿದ್ದರೆ ಎಷ್ಟೋ ಗುಂಡಿ ತೋಡುವ ಕೆಲಸ ಉಳಿಯಿತು.

ಲಂಟಾನ, ಸೆನ್ನಾ, ಬಳ್ಳಾರಿ ಜಾಲಿಯಂಥ ಕಳೆಗಿಡಗಳನ್ನು ಇಂಧನ ಮಾಡಿದರೆ ಎರಡೂ ಕೆಲಸವಾಯಿತಲ್ಲ?

ಆಗಬಹುದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದಿಂದ ಪೀಠೋಪಕರಣ, ಆನೆ ಗೊಂಬೆ ಮಾಡುತ್ತಾರೆ. ಕೊಪ್ಪಳ, ರಾಯಚೂರು ಕಡೆ ಜಾಲಿಯಿಂದ ಇದ್ದಿಲು ಸುಡುತ್ತಾರೆ. ತೊಡಕೊಂದಿದೆ. ಕಾರ್ಖಾನೆ ಕಳೆಯನ್ನು ನಂಬಿ ನಿಂತರೆ ಕಳೆ ಮುಗಿಯುವುದು ಕಾರ್ಖಾನೆಗೆ ಬೇಡವಾಗುತ್ತದೆ. ಜೊತೆಗೆ ಲಂಟಾನವನ್ನು ಬೇರುಸಹಿತ ಕೀಳದೆ ಬರೀ ಕಡಿದರೆ ಮುಂದಿನ ಮಳೆಗೆ ಇನ್ನೂ ಒತ್ತಾಗಿ ಚಿಗುರುತ್ತದೆ.

ಅನುಮತಿಗಳು ಯಾವುವು ಬೇಕು?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ. ಇತರ ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ. ಮೊದಲ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿ, ಕಡತ ನಿಧಾನ ಸರಿಯುತ್ತದೆ. ವಿದೇಶಿ ಸಂಸ್ಥೆಯ ಜೊತೆ ಕೆಲಸ ಅಥವಾ ಮಾದರಿ ಹೊರಗೆ ಕಳಿಸುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಏನು ಬೇಕೆಂದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ಮೊದಲೇ ವಿಚಾರಿಸಿ. ಇವೆಲ್ಲ ಇದ್ದರೂ ಬೀಟ್ ಗಾರ್ಡಿಗೆ ಮತ್ತು ಊರಿನ ಹಿರಿಯರಿಗೆ ಮುಖ ತೋರಿಸದೆ ಕಾಡಿಗಿಳಿಯಬೇಡಿ.

ಎಷ್ಟು ವರ್ಷ ಹಿಡಿಯುತ್ತದೆ? ಖರ್ಚಿಗೇನು?

ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಮರುನೋಂದಣಿಯಲ್ಲಿ ಇನ್ನೆರಡು. ಮಹಿಳೆಯರಿಗೆ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷ ವಿನಾಯಿತಿ, ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ ರಜೆ. 2023ರಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000 ರೂಪಾಯಿ. ಮರದ ಬೆಳವಣಿಗೆ ನೋಡುವವರು ಒಂದು ಮಾತು ನೆನಪಿಡಿ: ಮೂರು ಮಳೆಗಾಲದಲ್ಲಿ ಒಂದು ಬರ ಬಂದರೆ ನಿಮ್ಮ ಇಳುವರಿ ಅಂಕಿ ಅಲ್ಲಾಡುತ್ತದೆ. ಹೊಸದಾಗಿ ನೆಡುವ ಬದಲು, ಬೇರೆ ಬೇರೆ ವಯಸ್ಸಿನ ಹಳೆಯ ತೋಪುಗಳನ್ನು ಸಾಲಾಗಿ ಅಳೆಯುವ ವಿನ್ಯಾಸ ಮಾಡಿಕೊಳ್ಳಿ.

ಪ್ರಬಂಧ ಮುಗಿದ ಮೇಲೆ ಊರಿಗೆ ಏನು ಕೊಡಬೇಕು?

ಅವರ ಊರಿನ ಅಂಕಿಗಳನ್ನು ಕನ್ನಡದಲ್ಲಿ, ಎರಡು ಪುಟ. ಹೆಕ್ಟೇರ್ ಬದಲು ಎಕರೆ, ಟನ್ ಬದಲು ಹೊರೆ ಅಥವಾ ಗಾಡಿ. ಪಂಚಾಯಿತಿ ಕಚೇರಿಗೊಂದು ಪ್ರತಿ, ನೀವು ಸೌದೆ ತೂಗಿದ ಪ್ರತಿ ಮನೆಗೊಂದು. ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಅಂಕಿ ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ. ಹಾಗಾಗಿ ಪ್ರಬಂಧ ಸಲ್ಲಿಸುವ ಮುಂಚೆಯೇ ಇದನ್ನು ಮಾಡಿ.